ಕ್ವಿನೈನು: ಕಹಿ ತೊಗಟೆಯ ಗುಣವೂ ಉಪಯೋಗವೂ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಇರುತ್ತಾರೆ. ಜ್ವರ ಬಂದ ಮಗುವಿನ ಹಣೆಯನ್ನು ಮೊದಲು ಮುಟ್ಟಿ ನೋಡತಕ್ಕವರು ಅವರೇ ಆದುದರಿಂದ, ಚಳಿಜ್ವರದ ಮದ್ದುಗಳಲ್ಲಿ ಹಿರಿಯದಾದ ಕ್ವಿನೈನನ್ನು ಕುರಿತು ಕೆಲವು ಸಂಗತಿಗಳನ್ನು ತಿಳಿಸಲೆಳಸುವೆವು. ಮಲೆನಾಡಿನ ಹಳೆಯ ಮನೆಗಳಲ್ಲಿ ‘ಕೊಯಿನಾ’ ಎಂದರೆ ಮುಖ ಕಿವಿಚದ ಮಗುವಿರಲಿಲ್ಲ.

ಇದು ದೊರೆಯುವುದು ಸಿಂಕೋನಾ ಎಂಬ ಮರದ ತೊಗಟೆಯಿಂದ. ಮರವು ನಮ್ಮ ಕಾಫಿಗಿಡದ ಕುಟುಂಬಕ್ಕೇ ಸೇರಿದ್ದು. ಅದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳು. ಹದಿನೇಳನೆಯ ಶತಮಾನದಲ್ಲಿ ಅಲ್ಲಿದ್ದ ಜೆಸ್ವಿತ್ ಪಾದ್ರಿಗಳು ಇದನ್ನು ಯೂರೋಪಿಗೆ ಸಾಗಿಸಿದ್ದರಿಂದ ಬಹುಕಾಲ ಇದಕ್ಕೆ ‘ಜೆಸ್ವಿತರ ತೊಗಟೆ’ ಎಂದೇ ಹೆಸರಿತ್ತು. ಪೆರುವಿನ ರಾಜಪ್ರತಿನಿಧಿಯ ಪತ್ನಿಯಾದ ಚಿಂಚೋನ್ ಸೀಮೆಯ ಕೌಂಟೆಸಳು ಇದರಿಂದ ಗುಣಹೊಂದಿದಳೆಂಬ ಕಥೆಯನ್ನು ಇತಿಹಾಸಕಾರರು ಈಗ ನಂಬುವುದಿಲ್ಲ. ಆದಾಗ್ಯೂ ಆ ಕಥೆಯನ್ನು ನಂಬಿ ಲಿನೇಯಸ್ ಪಂಡಿತನು 1742ರಲ್ಲಿ ಮರಕ್ಕಿಟ್ಟ ಹೆಸರು, ಕೌಂಟೆಸಳ ಹೆಸರಿನ ಒಂದಕ್ಷರವನ್ನು ಬಿಟ್ಟು, ಹಾಗೆಯೇ ನಿಂತುಹೋಯಿತು.

1820ರಲ್ಲಿ ಪೆಲ್ತಿಯೇ ಮತ್ತು ಕವಾಂತೂ ಎಂಬ ಇಬ್ಬರು ಫ್ರೆಂಚ್ ರಸಾಯನಜ್ಞರು ತೊಗಟೆಯ ಸಾರವನ್ನು ಬೇರ್ಪಡಿಸಿದರು. ಅದೇ ಕ್ವಿನೈನು. ಅದರ ಒಂದು ಅಣುವಿನಲ್ಲಿ ಇಂಗಾಲದ 20, ಜಲಜನಕದ 24, ಸಾರಜನಕದ 2, ಆಮ್ಲಜನಕದ 2 ಪರಮಾಣುಗಳಿವೆ. ಅದು ಬಿಳಿಯ ಪುಡಿ; ಬಹು ಕಹಿ; ನೀರಿನಲ್ಲಿ ಅತ್ಯಲ್ಪವಾಗಿ ಮಾತ್ರ ಕರಗುವುದು. ಆದಕಾರಣ ಆಮ್ಲದೊಡನೆ ಕೂಡಿಸಿ, ಸಲ್ಫೇಟ್ ಮುಂತಾದ ಲವಣರೂಪದಲ್ಲಿ ಔಷಧವಾಗಿ ಕೊಡುವರು. ಇದರ ಸೊಗಸಾದ ಗುಣವೊಂದುಂಟು. ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಇದನ್ನು ಕರಗಿಸಿ ಬಿಸಿಲಿಗೆ ಹಿಡಿದರೆ, ತಿಳಿಯಾದ ಆ ದ್ರವದ ಅಂಚಿನಲ್ಲಿ ಆಕಾಶನೀಲಿಯ ಕಾಂತಿ ಹೊಳೆಯುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವೇ ಇಲ್ಲಿ ಕಾಣುವ ಬೆಳಕಾಗಿ ಮಾರ್ಪಡುವುದೆಂದು ಸ್ಟೋಕ್ಸ್ ಎಂಬವನು 1852ರಲ್ಲಿ ತೋರಿಸಿಕೊಟ್ಟನು. ಪ್ರಯೋಗಶಾಲೆಯಲ್ಲಿ ಹುಡುಗಿಯರಿಗೆ ಇದನ್ನು ಒಮ್ಮೆಯಾದರೂ ತೋರಿಸಬೇಕೆಂಬುದು ನಮ್ಮ ಅಭಿಪ್ರಾಯ.

ರೋಗದ ಕಾರಣ ತಿಳಿಯುವುದಕ್ಕೆ ಎರಡು ಶತಮಾನಗಳಿಗೂ ಮೊದಲೇ ಮದ್ದು ತಿಳಿದಿತ್ತೆಂಬುದು ವಿಚಿತ್ರ. ಲಾವೆರಾನನು ರೋಗಾಣುವನ್ನು ಕಂಡದ್ದು 1880ರಲ್ಲಿ. ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. (ಅದೇ ರಾಸನು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ನಿಂತ ನೀರನ್ನು ತೆಗೆದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದನು.) ರೋಗಾಣುವು ನಮ್ಮ ಕೆಂಪು ರಕ್ತಕಣವನ್ನು ಹೊಕ್ಕು ಅಲ್ಲಿನ ಹೀಮೋಗ್ಲೋಬಿನನ್ನು ತಿನ್ನುತ್ತದೆ. ತಿಂದ ಮೇಲೆ ಉಳಿಯುವ ಹೀಮ್ ಎಂಬ ಅಂಶ ಅದಕ್ಕೇ ವಿಷ. ಅದನ್ನು ನಿರಪಾಯವಾದ ಹರಳನ್ನಾಗಿ ಮಾಡಿಕೊಂಡು ಅದು ಬದುಕುತ್ತದೆ. ಕ್ವಿನೈನು ಈ ಹರಳುಗಟ್ಟುವಿಕೆಯನ್ನು ತಡೆಯುವುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಆದರೆ ಯಕೃತ್ತಿನಲ್ಲಿ ಅಡಗಿರುವ ವೈವಾಕ್ಸ್ ಜಾತಿಯ ರೋಗಾಣುವನ್ನು ಅದು ಮುಟ್ಟಲಾರದು. ಗುಣವಾದ ಜ್ವರ ತಿಂಗಳುಗಳ ಮೇಲೆ ಮರುಕಳಿಸುವುದು ಇದರಿಂದಲೇ.

ನಮ್ಮ ನೆರೆಯ ನೀಲಗಿರಿಯ ದೊಡ್ಡಬೆಟ್ಟದಲ್ಲಿ 1860ರ ದಶಕದಲ್ಲಿ ಸರಕಾರವು ಸಿಂಕೋನಾ ತೋಟಗಳನ್ನು ಮಾಡಿಸಿತು. ಆದರೆ ಅಲ್ಲಿ ಹೆಚ್ಚಾಗಿ ಬೆಳೆಸಿದ ಜಾತಿಯಲ್ಲಿ ಕ್ವಿನೈನಿನ ಅಂಶ ಕಡಿಮೆ. ಹೆಚ್ಚು ಸಾರವುಳ್ಳ ಜಾತಿಯ ಬೀಜವನ್ನು ಬೊಲಿವಿಯದಲ್ಲಿ ಆರಿಸಿಕೊಟ್ಟವನು ಮಾನುವೆಲ್ ಇಂಕ್ರಾ ಮಾಮಾನಿ ಎಂಬ ಮೂಲನಿವಾಸಿ. 1865ರಲ್ಲಿ ಲೆಜರ್ ಎಂಬ ವರ್ತಕನ ಮೂಲಕ ಆ ಬೀಜ ಡಚ್ಚರ ಕೈಸೇರಿ, ಜಾವಾ ದ್ವೀಪವು ಲೋಕದ ಕ್ವಿನೈನಿಗೆಲ್ಲ ಉಗ್ರಾಣವಾಯಿತು. ಮರಕ್ಕೆ ಲೆಜರನ ಹೆಸರು ಬಂತು. ಮಾಮಾನಿಯೋ ಬೀಜ ಕೊಟ್ಟ ತಪ್ಪಿಗಾಗಿ ಸೆರೆಗೆ ಬಿದ್ದು, ಹೊಡೆತ ತಿಂದು, ಪ್ರಾಣ ಬಿಟ್ಟನು. 1942ರಲ್ಲಿ ಜಪಾನೀಯರು ಜಾವಾವನ್ನು ಹಿಡಿದಾಗ, ಒಂದೇ ದ್ವೀಪವನ್ನು ನೆಚ್ಚಿದ್ದರ ಫಲ ಯುದ್ಧಕ್ಕಿಳಿದ ಮಿತ್ರರಾಷ್ಟ್ರಗಳಿಗೆ ಗೊತ್ತಾಯಿತು.

ಈಗ ಈ ಮದ್ದಿಗೆ ಮೊದಲಿನ ಪಟ್ಟವಿಲ್ಲ. ಚೀನಾದ ತೂ ಯೂಯೂ ಎಂಬ ಮಹಿಳೆ 1970ರ ದಶಕದಲ್ಲಿ ಮಾಚಿಪತ್ರೆಯ ಜಾತಿಯ ಒಂದು ಗಿಡದಿಂದ ಆರ್ಟೆಮಿಸಿನಿನ್ ಎಂಬ ಸಾರವನ್ನು ತೆಗೆಸಿದಳು. 2015ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ದೊರೆಯಿತು. ಕಠಿಣ ಮಲೇರಿಯಾದಲ್ಲಿ ಆ ಸಾರದಿಂದಾದ ಆರ್ಟೆಸುನೇಟ್ ಕ್ವಿನೈನಿಗಿಂತ ಹೆಚ್ಚು ಜೀವಗಳನ್ನು ಉಳಿಸುವುದೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಅದು ದೊರೆಯದ ಕಡೆಯಲ್ಲಿ ಕ್ವಿನೈನು ಈಗಲೂ ಕೈಹಿಡಿಯುತ್ತದೆ.

ತಾಯಂದಿರು ಮುಖ್ಯವಾಗಿ ತಿಳಿಯತಕ್ಕದ್ದು ಇಷ್ಟು. ರಕ್ತಪರೀಕ್ಷೆಯಿಲ್ಲದೆ, ಎಲ್ಲ ಜ್ವರವೂ ಮಲೇರಿಯಾ ಎಂದು ಇದನ್ನು ನುಂಗಿಸಬಾರದು. ವೈದ್ಯರು ಇದನ್ನು ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆಯಂತೆ 7 ದಿವಸ, ಇನ್ನೊಂದು ಮದ್ದಿನ ಜೊತೆಯಲ್ಲಿ ಕೊಡುವರು. ಎರಡನೆಯ ದಿನ ಜ್ವರ ಇಳಿಯಿತೆಂದು, ಕಹಿಗೆ ಬೇಸತ್ತು ಬಿಟ್ಟುಬಿಟ್ಟರೆ ಉಳಿದ ರೋಗಾಣುಗಳು ಮತ್ತೆ ಹೆಚ್ಚುವುವು. ಕಿವಿಯಲ್ಲಿ ಗುಂಯ್‌ಗುಟ್ಟುವುದು, ತಲೆಸುತ್ತು, ವಾಕರಿಕೆ ಇವು ಪದೇಪದೇ ಕಾಣುವ ಲಕ್ಷಣಗಳು. ದೃಷ್ಟಿ ಮಂದವಾದರೆ ಕೂಡಲೇ ವೈದ್ಯರಿಗೆ ಹೇಳಬೇಕು. ಕಾಲಿನ ಸೆಳೆತಕ್ಕೆಂದು ಇದನ್ನು ತಾವಾಗಿ ಸೇವಿಸಿದ ಕೆಲವರಿಗೆ ರಕ್ತಸಂಬಂಧವಾದ ಅಪಾಯಗಳುಂಟಾಗಿವೆ. ಇದು ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು, ಗರ್ಭಿಣಿಯರಲ್ಲಿ ವಿಶೇಷವಾಗಿ. ಕ್ವಿನೈನು ಪಡೆಯುತ್ತಿರುವ ಗರ್ಭಿಣಿಯು ಬೆವತು ಮಂಕಾದರೆ ಅದನ್ನು ಜ್ವರದ ಆಯಾಸವೆಂದೆಣಿಸಿ ಮಲಗಲು ಬಿಡದೆ, ಆ ಕ್ಷಣವೇ ಆಕೆಯ ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಬೇಕು.