ಶಿಳ್ಳೆ ಹೊಡೆಯುವ ರಾಕೆಟ್

ಪೆನ್ ಕ್ಯಾಪ್ ತುಟಿಗಿಟ್ಟು ಊದಿದ್ದೀರಲ್ವಾ? ಮಾಡೆಲ್ ರಾಕೆಟ್ಟಿನ ಶಿಳ್ಳೆಯ ಗುಟ್ಟೂ ಅದೇ. ನುಗ್ಗಿ ಬರುವ ಗಾಳಿ ಚೂಪಾದ ಅಂಚಿಗೆ ಬಡಿದಾಗ ಕೊಳವೆಯೊಳಗಿನ ಗಾಳಿ ಕಂಪಿಸುತ್ತೆ.

ಒಂದು ತುದಿ ಮುಚ್ಚಿದ ಕೊಳವೆಯಾದರೆ ಲೆಕ್ಕ ಸುಲಭ: ಶಬ್ದದ ವೇಗವನ್ನು ಉದ್ದದ ನಾಲ್ಕರಷ್ಟರಿಂದ ಭಾಗಿಸಿ. ಉದ್ದ 5 ಸೆಂ.ಮೀ. ಇದ್ದರೆ 340 ÷ 0.20, ಅಂದರೆ ಸುಮಾರು 1700 ಹರ್ಟ್ಜ್.

ಮೊದಲ ಸಲ ನಾವು ಒಂದೇ ಶಿಳ್ಳೆಯನ್ನು ಒಂದು ಬದಿಗೆ ಅಂಟಿಸಿದ್ವಿ. ಆ ಬದಿಯಲ್ಲಿ ಡ್ರ್ಯಾಗ್ ಜಾಸ್ತಿಯಾಗಿ ರಾಕೆಟ್ ಅತ್ತಲೇ ವಾಲಿತು. ಖಾಲಿ ಮೈದಾನ, ಬಚಾವಾದ್ವಿ! ಈಗ ಎದುರುಬದುರು ಎರಡು ಶಿಳ್ಳೆ, ಒಂದೇ ಅಳತೆ, ಒಂದೇ ತೂಕ.

ಫಿನ್ ಹತ್ತಿರ ಅಂಟಿಸಿದರೆ ಗುರುತ್ವ ಕೇಂದ್ರ ಹಿಂದೆ ಸರಿಯುತ್ತೆ. ಅದು ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಒಂದು ವ್ಯಾಸದಷ್ಟು ಮುಂದಿರಬೇಕು. ಕಡಿಮೆಯಾದರೆ ಮೂಗಿನೊಳಗೆ ಸ್ವಲ್ಪ ಜೇಡಿಮಣ್ಣು ತುಂಬಿ.

ಇನ್ನೊಂದು ಮಜಾ: ರಾಕೆಟ್ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ನಮ್ಮಿಂದ ದೂರ ಹೋಗುವಾಗ 1700 × 340/390, ಅಂದರೆ ಸುಮಾರು 1480 ಹರ್ಟ್ಜ್ ಮಾತ್ರ ಕೇಳುತ್ತೆ. ಫಿಸಿಕ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಡಾಪ್ಲರ್ ಕಣ್ರೀ ಇದು!

ಹಾರಿಸುವ ಮುಂಚೆ ಶಿಳ್ಳೆಯನ್ನು ಬಾಯಲ್ಲಿ ಊದಿ ನೋಡಿ. ಶಬ್ದಕ್ಕಾಗಿ ಪಟಾಕಿ ಮದ್ದು ಮಾತ್ರ ಮುಟ್ಟಬೇಡಿ, ಗಾಳಿಯೇ ಸಾಕು.