ಕಾರ್ಲ್ಸ್‌ರುಹೆಯಲ್ಲಿ ನರ್ಸಿಂಗ್ ಕಲಿಯಲು ಅರ್ಜಿ: ಎಂಟು ಪಾಠಗಳು

ಕಾರ್ಲ್ಸ್‌ರುಹೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಕಲಿಯಲು ಬಂದವರಿಗೆ ವಾರ್ಡಿನಲ್ಲೇ ಕೆಲಸ ಹೇಳಿಕೊಡುವ ‘ಪ್ರಾಕ್ಸಿಸ್‌ಆನ್‌ಲೈಟರಿನ್’ ಹೊಣೆಯೂ ನನ್ನದೇ. ಹಾಸನ, ಶಿವಮೊಗ್ಗ, ಕಲಬುರಗಿ ಕಡೆಯಿಂದ ಪರಿಚಯದವರ ಮಕ್ಕಳು ಆಗಾಗ ಫೋನ್ ಮಾಡುತ್ತಾರೆ. “ಅಕ್ಕಾ, ಅಲ್ಲಿ ನರ್ಸಿಂಗ್ ಸೀಟು ಸಿಗುತ್ತಾ? ಒಟ್ಟು ಎಷ್ಟಾಗುತ್ತೆ?” ಎಂದು ಕೇಳುತ್ತಾರೆ. ಜರ್ಮನಿಯಲ್ಲಿ ಈ ಸೀಟನ್ನು ಯಾರೂ ಮಾರುವುದಿಲ್ಲ. ಇಲ್ಲಿ ನೋಡುವುದು ನಿಮಗೆ ಭಾಷೆ ಬರುತ್ತದೆಯೇ, ಈ ಕೆಲಸ ಏನೆಂದು ಗೊತ್ತಿದೆಯೇ ಎಂಬ ಎರಡೇ ಸಂಗತಿ. ಆ ಮಕ್ಕಳ ಅರ್ಜಿಗಳನ್ನು ಓದುತ್ತಾ, ಬಂದವರ ಜೊತೆ ಪಾಳಿ ಮಾಡುತ್ತಾ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ನಿಮ್ಮ ದಾರಿ ಯಾವುದೆಂದು ಮೊದಲು ತಿಳಿಯಿರಿ

ಪಿಯುಸಿ ಮುಗಿಸಿದವರು ‘ಔಸ್‌ಬಿಲ್ಡುಂಗ್’ ಎಂಬ ಮೂರು ವರ್ಷದ ವೃತ್ತಿ ತರಬೇತಿಗೆ ಅರ್ಜಿ ಹಾಕುತ್ತಾರೆ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಆಗಿದ್ದವರು ಮತ್ತೆ ಮೂರು ವರ್ಷ ಕಲಿಯಬೇಕಾಗಿಲ್ಲ. ತಮ್ಮ ಓದಿಗೆ ಇಲ್ಲಿ ಮಾನ್ಯತೆ ಕೇಳಿದರೆ ಸಾಕು. ಕಾರ್ಲ್ಸ್‌ರುಹೆಯಲ್ಲಿ ಪ್ರಾಂತೀಯ ಸರ್ಕಾರದ ದೊಡ್ಡ ಕಚೇರಿಯಾದ ರೆಗೀರುಂಗ್ಸ್‌ಪ್ರೆಸೀಡಿಯುಮ್ ಇದ್ದರೂ ಮಾನ್ಯತೆಯ ಅರ್ಜಿ ಹೋಗಬೇಕಾದದ್ದು ಸ್ಟುಟ್‌ಗಾರ್ಟಿನ ರೆಗೀರುಂಗ್ಸ್‌ಪ್ರೆಸೀಡಿಯುಮ್‌ಗೆ. ನೀವು ಓದಿದ ವಿಷಯಗಳು, ಗಂಟೆಗಳು, ಕ್ಲಿನಿಕಲ್ ಪೋಸ್ಟಿಂಗ್ ಎಲ್ಲವನ್ನೂ ಅವರು ಜರ್ಮನ್ ಪಠ್ಯಕ್ರಮದ ಪಕ್ಕ ಇಟ್ಟು ನೋಡಿ, ಏನು ಕಡಿಮೆಯಿದೆ ಎಂದು ಬರೆದು ತಿಳಿಸುತ್ತಾರೆ. ಆ ಕೊರತೆಯನ್ನು ಒಂದು ಪರೀಕ್ಷೆ ಬರೆದು ಅಥವಾ ಹೊಂದಾಣಿಕೆಯ ಕೋರ್ಸು ಮಾಡಿ ತುಂಬಿಕೊಳ್ಳಬಹುದು. ಬಿಎಸ್ಸಿ ಆದವರನ್ನೂ ಔಸ್‌ಬಿಲ್ಡುಂಗ್‌ಗೆ ಸೇರಿಸಲು ಹೊರಡುವ ಏಜೆಂಟರಿದ್ದಾರೆ. ಅವರ ಮಾತು ಕೇಳಿ ನಾಲ್ಕು ವರ್ಷದ ಓದನ್ನು ಬದಿಗಿಡಬೇಡಿ.

2. ಸೀಟಿಗೆ ದುಡ್ಡಿಲ್ಲ, ಕಲಿಯುವವರಿಗೆ ಸಂಬಳವಿದೆ

2020ರ ಜನವರಿ 1ರಿಂದ ಜಾರಿಯಲ್ಲಿರುವ ನರ್ಸಿಂಗ್ ಕಾನೂನು ತರಬೇತಿಗೆ ಶಾಲಾ ಶುಲ್ಕ ವಸೂಲಿ ಮಾಡುವುದನ್ನೇ ನಿಲ್ಲಿಸಿದೆ. ಮಕ್ಕಳ, ದೊಡ್ಡವರ, ವೃದ್ಧರ ಆರೈಕೆಗೆ ಮೊದಲು ಬೇರೆ ಬೇರೆ ತರಬೇತಿಗಳಿದ್ದವು. ಈಗ ಅವು ಒಂದೇ ಆಗಿವೆ. ಮೂರು ವರ್ಷದಲ್ಲಿ 2,100 ಗಂಟೆ ಪಾಠ, 2,500 ಗಂಟೆ ಪ್ರಾಯೋಗಿಕ ಕೆಲಸ. ಸರ್ಕಾರಿ ವೇತನ ಒಪ್ಪಂದದ ಪ್ರಕಾರ 2024ರಲ್ಲಿ ಮೊದಲ ವರ್ಷದವರಿಗೆ ತಿಂಗಳಿಗೆ ಸುಮಾರು 1,340 ಯೂರೋ, ಮೂರನೇ ವರ್ಷದವರಿಗೆ ಸುಮಾರು 1,500 ಯೂರೋ ಸಿಗುತ್ತಿತ್ತು. ಇದು ಕಡಿತಕ್ಕೆ ಮುಂಚಿನ ಮೊತ್ತ. ಆರೋಗ್ಯ ವಿಮೆ, ಪಿಂಚಣಿ ಎಂದು ಸುಮಾರು ಐದರಲ್ಲೊಂದು ಪಾಲು ಹೋಗುತ್ತದೆ. ಉಳಿದದ್ದರಲ್ಲಿ ಮನೆ ಬಾಡಿಗೆ, ಊಟ, ಟ್ರಾಮ್ ಪಾಸು ನಡೆಯಬೇಕು. ಹಿಡಿತದಲ್ಲಿ ಬದುಕಿದರೆ ಸಾಲುತ್ತದೆ. ಮೊದಲ ವರ್ಷವೇ ಊರಿನ ಸಾಲ ತೀರಿಸುತ್ತೇನೆ ಎಂದರೆ ಸಾಲುವುದಿಲ್ಲ.

ಈಗಾಗಲೇ ನರ್ಸ್ ಆಗಿರುವವರನ್ನು ವಿದೇಶದಿಂದ ಕರೆತರುವ ಸಂಸ್ಥೆಗಳಿಗೆ ಜರ್ಮನಿಯಲ್ಲಿ ‘ಫೇರೆ ಆನ್‌ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್’ ಎಂಬ ಗುಣಮುದ್ರೆ ಇದೆ. ನೇಮಕಾತಿಯ ಖರ್ಚು ಉದ್ಯೋಗದಾತನದೇ, ನರ್ಸಿನದಲ್ಲ ಎಂಬುದು ಅದರ ಮುಖ್ಯ ಷರತ್ತು. ಕೇರಳದ ನೋರ್ಕಾ ಸಂಸ್ಥೆ 2021ರ ಡಿಸೆಂಬರಿನಲ್ಲಿ ಜರ್ಮನಿಯೊಡನೆ ಮಾಡಿಕೊಂಡ ‘ಟ್ರಿಪಲ್ ವಿನ್’ ಒಪ್ಪಂದದ ದಾರಿಯೂ ಇದೇ. ತರಬೇತಿಗೆ ಬರುವವರು ಖರ್ಚು ಮಾಡಬೇಕಾದದ್ದು ಭಾಷಾ ತರಗತಿ, ಪರೀಕ್ಷೆ, ದಾಖಲೆಗಳ ಅನುವಾದ, ವೀಸಾ ಶುಲ್ಕ, ವಿಮಾನದ ಟಿಕೆಟ್ ಇಷ್ಟಕ್ಕೆ. ‘ಸೀಟು ಬ್ಲಾಕ್ ಮಾಡಿಸಲು’ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

3. ಅರ್ಜಿಗೆ ಮುಂಚೆ ಭಾಷೆ

ತರಬೇತಿಯ ವೀಸಾಗೆ ಕಾನೂನು ಸಾಮಾನ್ಯವಾಗಿ ಕೇಳುವುದು ಜರ್ಮನ್ ಭಾಷೆಯ ಬಿ1 ಮಟ್ಟ. ಆದರೆ ಶಾಲೆಗಳು ಹೆಚ್ಚಾಗಿ ಅದಕ್ಕಿಂತ ಮೇಲಿನ ಬಿ2 ಬಯಸುತ್ತವೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆಯಬಹುದಾದ ಗೊಯೆಥೆ ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿವೆ. ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ಒಂದರಲ್ಲಿ ಫೇಲಾದರೆ ಅದೊಂದನ್ನೇ ಮತ್ತೆ ಬರೆಯಬಹುದು.

ನಮ್ಮ ಮಕ್ಕಳು ವ್ಯಾಕರಣದಲ್ಲಿ ಗಟ್ಟಿ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಸೋಲುತ್ತಾರೆ. ವಾರ್ಡಿನಲ್ಲಿ ಹೆಚ್ಚು ಬೇಕಾಗುವುದು ಕೇಳುವ ಶಕ್ತಿಯೇ. ಪಾಳಿ ಬದಲಾಗುವಾಗ ಸಹೋದ್ಯೋಗಿ ಸರಸರನೆ ವರದಿ ಒಪ್ಪಿಸುತ್ತಾರೆ. ಹಲ್ಲಿನ ಸೆಟ್ಟು ತೆಗೆದಿಟ್ಟ ಎಂಬತ್ತೈದರ ಅಜ್ಜ ಬಾಡೆನ್ ಸೀಮೆಯ ಆಡುನುಡಿಯಲ್ಲಿ ನೋವು ಎಲ್ಲಿ ಎಂದು ಹೇಳುತ್ತಾರೆ. ಫೋನಿನ ಆಚೆಗೆ ಲ್ಯಾಬಿನವರು ಪೊಟ್ಯಾಸಿಯಂ ಎಷ್ಟೆಂದು ಒಂದೇ ಸಲ ಹೇಳಿ ಇಟ್ಟುಬಿಡುತ್ತಾರೆ. ಇವುಗಳಲ್ಲಿ ಒಂದು ತಪ್ಪಿದರೂ ರೋಗಿಗೆ ಅಪಾಯ. ದಿನವೂ ಅರ್ಧ ಗಂಟೆ ಜರ್ಮನ್ ರೇಡಿಯೋ ಕೇಳಿ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ ನೋಡಿ.

4. ಕೆಲಸ ಏನೆಂದು ತಿಳಿದು ಅರ್ಜಿ ಹಾಕಿ

ಎಲ್ಲಕ್ಕಿಂತ ದೊಡ್ಡ ಪಾಠ ಇದು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು ಹೆಚ್ಚಾಗಿ ಜೊತೆಗಿರುವ ಮನೆಯವರ ಅಥವಾ ಆಯಾಗಳ ಪಾಲು. ನರ್ಸ್ ಎಂದರೆ ಇಂಜೆಕ್ಷನ್, ಡ್ರಿಪ್, ಚಾರ್ಟು. ಜರ್ಮನಿಯಲ್ಲಿ ರೋಗಿಯ ಬಳಿ ರಾತ್ರಿ ಉಳಿಯುವ ಬಂಧುಗಳಿಲ್ಲ. ಮೈ ತೊಳೆಸುವುದರಿಂದ ಹಿಡಿದು ನಡೆಸುವುದು, ಮಗ್ಗುಲು ಬದಲಿಸುವುದು, ತುತ್ತು ಕೊಡುವುದರವರೆಗೆ ಎಲ್ಲವೂ ನರ್ಸಿನ ಕೆಲಸ. ಇದನ್ನು ಕೀಳೆಂದು ತಿಳಿದು ಬಂದವರು ಕೆಲವೇ ತಿಂಗಳಲ್ಲಿ ಕುಗ್ಗಿಹೋಗುತ್ತಾರೆ.

ಆದರೆ ಮೈ ತೊಳೆಸುವಾಗಲೇ ಬೆನ್ನಿನ ಚರ್ಮ ಕೆಂಪಾಗಿದೆಯೇ, ಉಸಿರು ಏರುತ್ತಿದೆಯೇ, ನಿನ್ನೆ ಎತ್ತುತ್ತಿದ್ದ ಕೈಯನ್ನು ಇಂದು ಎತ್ತಲಾರರೇ ಎಂಬುದು ತಿಳಿಯುವುದು. ರೋಗಿಗೆ ಯಾವ ಆರೈಕೆ ಎಷ್ಟು ಬೇಕೆಂದು ನಿರ್ಧರಿಸಿ ಯೋಜನೆ ಮಾಡುವ ಹಕ್ಕನ್ನು 2020ರ ಕಾನೂನು ತರಬೇತಿ ಪಡೆದ ನರ್ಸಿಗೆ ಮಾತ್ರ ಮೀಸಲಿಟ್ಟಿದೆ. ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಬರುವುದು ಹಾಸಿಗೆಯ ಪಕ್ಕದ ಈ ಕೆಲಸದಿಂದಲೇ.

ಹಾಗಾಗಿ ಅರ್ಜಿಗೆ ಮುಂಚೆ ಕೆಲವು ವಾರ ತಾಲ್ಲೂಕು ಆಸ್ಪತ್ರೆಯಲ್ಲೋ, ವೃದ್ಧಾಶ್ರಮದಲ್ಲೋ, ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸಿನಲ್ಲೋ ಸೇವೆ ಮಾಡಲು ಅವಕಾಶ ಕೇಳಿ. ಹಾಸಿಗೆ ಹಿಡಿದ ಅಜ್ಜಿಯನ್ನು ಮನೆಯಲ್ಲೇ ನೋಡಿಕೊಂಡಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಇಲ್ಲಿನ ಶಾಲೆಗಳು ಅದಕ್ಕೆ ಬೆಲೆ ಕೊಡುತ್ತವೆ.

5. ಎಲ್ಲ ದಾಖಲೆಯಲ್ಲೂ ಒಂದೇ ಹೆಸರು

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರಿನಲ್ಲಿ ಊರಿನ ಹೆಸರು. ನಮಗೆ ಇದು ಸಹಜ. ಜರ್ಮನ್ ಕಚೇರಿಗೆ ಇವು ಮೂವರು ಬೇರೆ ಬೇರೆ ವ್ಯಕ್ತಿಗಳ ಕಾಗದ. ಸಮಯವಿದ್ದರೆ ತಿದ್ದಿಸಿಕೊಳ್ಳಿ. ಇಲ್ಲದಿದ್ದರೆ ಎಲ್ಲವೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ ಪ್ರತಿ ಕಟ್ಟಿನ ಜೊತೆಗೂ ಇಡಿ. ಅನುವಾದವನ್ನು ಪ್ರಮಾಣವಚನ ಪಡೆದ ಅನುವಾದಕರಿಂದಲೇ ಮಾಡಿಸಿ, ಮೂಲಪ್ರತಿಗಳನ್ನು ಯಾವ ಏಜೆಂಟರ ಕೈಗೂ ಬಿಡಬೇಡಿ.

6. ಪತ್ರ ನಿಮ್ಮದೇ ಆಗಿರಲಿ

ಬಯೋಡೇಟಾ ಇಲ್ಲಿನ ರೂಢಿಯಂತೆ ಕೋಷ್ಟಕದಲ್ಲಿರಬೇಕು, ವರ್ಷಗಳ ನಡುವೆ ಖಾಲಿ ಬಿಡಬಾರದು. ನೀಟ್ ಪರೀಕ್ಷೆಗೆ ಓದುತ್ತಾ ಒಂದು ವರ್ಷ ಕಳೆದಿದ್ದರೆ ಹಾಗೆಂದೇ ಬರೆಯಿರಿ. ಜೊತೆಗಿಡುವ ಪತ್ರ ಒಂದು ಪುಟ ಮೀರದಿರಲಿ. ‘ಚಿಕ್ಕಂದಿನಿಂದ ಸೇವೆಯೇ ನನ್ನ ಕನಸು’ ಎಂಬ ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ. ಅದರ ಬದಲು ನೀವು ಯಾರನ್ನು ನೋಡಿಕೊಂಡಿರಿ, ಆಗ ಯಾವುದು ಕಷ್ಟವಾಯಿತು, ಈ ಶಾಲೆಯೇ ಏಕೆ ಎಂದು ತಿಳಿಸಿ. ಮೊಲ್ಟ್‌ಕೆ ರಸ್ತೆಯ ನಗರ ಆಸ್ಪತ್ರೆಗೂ, 2016ರಲ್ಲಿ ಎರಡು ಕ್ರೈಸ್ತ ಆಸ್ಪತ್ರೆಗಳು ಸೇರಿ ಆದ ವಿಡಿಯಾಗೂ ಒಂದೇ ಪತ್ರ ಕಳಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಬೇರೆಯವರು ಬರೆದುಕೊಟ್ಟ ಪತ್ರದ ಬಣ್ಣ ವಿಡಿಯೋ ಸಂದರ್ಶನದ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ. ವಾರ್ಡಿನಲ್ಲೂ ಹಾಗೆ ಕೇಳುವವರನ್ನೇ ನಾವು ನಂಬುತ್ತೇವೆ.

7. ಒಂದು ವರ್ಷ ಮುಂಚೆ ಶುರುಮಾಡಿ

ತರಬೇತಿ ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಶುರುವಾಗುತ್ತದೆ. ಭಾಷೆ, ಅರ್ಜಿ, ಒಪ್ಪಂದ, ಆಮೇಲೆ ವೀಸಾ, ಇದು ಸರಿಯಾದ ಕ್ರಮ. ಒಪ್ಪಂದವಾದ ಮೇಲೆ ಉದ್ಯೋಗದಾತರೇ ವೀಸಾಕ್ಕಾಗಿ 411 ಯೂರೋ ಶುಲ್ಕದ ಶೀಘ್ರ ವಿಧಾನವನ್ನು ಆರಂಭಿಸಬಹುದು. ಆ ಸೌಲಭ್ಯ ಇದೆಯೇ ಎಂದು ಕೇಳಿ. ದಡಾರದ ಲಸಿಕೆಯ ದಾಖಲೆಯನ್ನು ಈಗಲೇ ಹುಡುಕಿಡಿ. 2020ರ ಮಾರ್ಚಿನಿಂದ ಅದಿಲ್ಲದೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವಂತಿಲ್ಲ.

ತರಬೇತಿಯ ಮೊದಲ ಆರು ತಿಂಗಳು ಪರೀಕ್ಷಾ ಅವಧಿ. ಗೈರುಹಾಜರಿ ಶೇ. 10 ಮೀರಿದರೆ ಅಂತಿಮ ಪರೀಕ್ಷೆಗೆ ತೊಂದರೆ. ಹಾಗೆಯೇ, ಪ್ರಾಯೋಗಿಕ ಗಂಟೆಗಳಲ್ಲಿ ಕನಿಷ್ಠ ಹತ್ತರಲ್ಲೊಂದು ಪಾಲು ನನ್ನಂಥ ಮಾರ್ಗದರ್ಶಕರ ಜೊತೆ ಕಲಿಯುವುದು ನಿಮ್ಮ ಹಕ್ಕು. ಅದನ್ನು ಹೇಗೆ ಕೊಡುತ್ತೀರಿ ಎಂದು ಸಂದರ್ಶನದಲ್ಲೇ ಕೇಳಿ.

8. ನರ್ಸಿಂಗ್ ಒಂದೇ ಅಲ್ಲ

ಆಪರೇಷನ್ ಥಿಯೇಟರ್ ಸಹಾಯಕರು, ಅರಿವಳಿಕೆ ಸಹಾಯಕರು, ಎಕ್ಸ್‌ರೇ ಹಾಗೂ ಲ್ಯಾಬ್ ತಂತ್ರಜ್ಞರು, ಇವರಿಗೂ ಮೂರು ವರ್ಷದ ತರಬೇತಿಗಳಿವೆ. ಮೊದಲೆರಡಕ್ಕೆ 2022ರಿಂದ, ತಂತ್ರಜ್ಞರಿಗೆ 2023ರಿಂದ ಹೊಸ ಕಾನೂನುಗಳು ಬಂದಿವೆ. ಸೂಲಗಿತ್ತಿಯ ವೃತ್ತಿ ಮಾತ್ರ 2020ರಿಂದ ಪದವಿ ಶಿಕ್ಷಣವಾಗಿದೆ. ಯಂತ್ರಗಳ ಜೊತೆ ಕೆಲಸ ಇಷ್ಟಪಡುವವರು, ಮೈಕೈ ಮುಟ್ಟಿ ಆರೈಕೆ ಮಾಡುವ ಕೆಲಸಕ್ಕೆ ಮನಸ್ಸು ಒಗ್ಗದವರು ಇವುಗಳನ್ನು ನೋಡಲಿ. ನರ್ಸಿಂಗ್‌ನಲ್ಲಿ ಸೀಟು ಸುಲಭ ಎಂಬ ಒಂದೇ ಕಾರಣಕ್ಕೆ ಬಂದರೆ ರೋಗಿಗೂ ಅನ್ಯಾಯ, ನಿಮಗೂ ಅನ್ಯಾಯ.

ತಂದೆತಾಯಂದಿರಲ್ಲಿ ನನ್ನದೊಂದು ಕಳಕಳಿಯ ಮಾತು. ಇದಕ್ಕಾಗಿ ಜಮೀನು ಅಡವಿಡಬೇಡಿ. ಮಗಳಿಗೋ ಮಗನಿಗೋ ಒಂದು ವರ್ಷ ನೆಮ್ಮದಿಯಾಗಿ ಜರ್ಮನ್ ಕಲಿಯಲು ಬಿಡಿ. ಅರ್ಜಿಯನ್ನು ಅವರೇ ಬರೆಯಲಿ, ಶಾಲೆಗೆ ನೇರವಾಗಿ ಅವರೇ ಕಳಿಸಲಿ. ಇಲ್ಲಿರುವ ಕನ್ನಡಿಗರೂ ಒಂದು ಸಂಜೆ ಬಿಡುವು ಮಾಡಿಕೊಂಡು ಒಬ್ಬರ ಪತ್ರ ಓದಿ, ಅವರೊಡನೆ ಜರ್ಮನ್‌ನಲ್ಲಿ ಮಾತಾಡಿ. ಇಲ್ಲಿ ತರಬೇತಿ ಮುಗಿಸಿ ಎರಡು ವರ್ಷ ದುಡಿದವರು ಉಳಿದ ಷರತ್ತುಗಳನ್ನು ಪೂರೈಸಿದರೆ ಶಾಶ್ವತ ವಾಸದ ಪರವಾನಗಿ ಕೇಳಬಹುದು. ಭಾಷೆ ಕಲಿತು, ಕೆಲಸ ಅರಿತು ಬರುವ ಮಕ್ಕಳಿಗೆ ಕಾರ್ಲ್ಸ್‌ರುಹೆಯ ವಾರ್ಡುಗಳಲ್ಲಿ ಜಾಗವೂ ಇದೆ, ಗೌರವವೂ ಇದೆ.