ಮುಷ್ಕರವೆಂಬ ಮಾತು: ಮುಂಬಯಿಯ ಕಾರ್ಮಿಕ ಸಂಘಟನೆ ಮತ್ತು ಸಾರ್ವಜನಿಕ ಅಭಿಪ್ರಾಯ

ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸುವುದಕ್ಕೆ ಕನ್ನಡ ಪತ್ರಿಕೆಗಳು ಬಳಸುವ ಪದ ‘ಮುಷ್ಕರ’. ಈ ಪದದ ಹಳೆಯ ಅರ್ಥ ಹಠ, ಮೊಂಡುತನ. ಅದೇ ಕ್ರಿಯೆಯನ್ನು ಮುಂಬಯಿಯ ಮರಾಠಿ ಕಾರ್ಮಿಕನು ‘ಸಂಪ’ ಎನ್ನುತ್ತಾನೆ. ನೆರೆಯ ಗುಜರಾತಿಯಲ್ಲಿ ಈ ಪದಕ್ಕೆ ಒಗ್ಗಟ್ಟು, ಐಕಮತ್ಯ ಎಂಬ ಅರ್ಥವಿದೆ. ‘ಸಂಪು’ ಎಂಬ ರೂಪದಲ್ಲಿ ಅದು ಕನ್ನಡಕ್ಕೂ ಬಂದಿದೆಯಾದರೂ ಅಚ್ಚಿನ ಕನ್ನಡವು ಹೆಚ್ಚಾಗಿ ಒಪ್ಪಿಕೊಂಡದ್ದು ಮುಷ್ಕರವನ್ನೇ. ಮೂಲಾರ್ಥವು ಇಂದಿನ ಓದುಗನ ನೆನಪಿನಲ್ಲಿ ಇರುವುದಿಲ್ಲವಾದ್ದರಿಂದ ಒಂದು ಪದದ ಮೇಲೆ ಇಷ್ಟೊಂದು ಭಾರ ಹೊರಿಸುವುದು ತರವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಒಂದೇ ಘಟನೆಯನ್ನು ಒಳಗಿನವನು ಒಗ್ಗಟ್ಟೆಂದೂ ಹೊರಗೆ ನಿಂತವನು ಹಠವೆಂದೂ ಕಾಣುವ ಭೇದವು ಪದಕೋಶದಲ್ಲಿ ಮಾತ್ರವಲ್ಲ, ಮುಂಬಯಿಯ ಕಾರ್ಮಿಕ ಚರಿತ್ರೆಯ ಉದ್ದಕ್ಕೂ ಕಾಣಸಿಗುತ್ತದೆ. ಆ ಭೇದವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುಂಬಯಿಯ ಮೊದಲ ಹತ್ತಿ ಗಿರಣಿಯು ೧೮೫೦ರ ದಶಕದ ಮಧ್ಯಭಾಗದಲ್ಲಿ ತಲೆಯೆತ್ತಿತು. ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಪರೇಲ್, ಲಾಲ್‌ಬಾಗ್, ವರಳಿಗಳ ಸುತ್ತ ‘ಗಿರಣಗಾಂವ್’ ಬೆಳೆಯಿತು. ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರು ‘ದೀನಬಂಧು’ ಪತ್ರಿಕೆಯ ಸಂಪಾದಕತ್ವವನ್ನು ೧೮೮೦ರಲ್ಲಿ ವಹಿಸಿಕೊಂಡರು. ಗಿರಣಿಗಳಿಗೆ ಭಾನುವಾರದ ರಜೆ ದೊರೆತದ್ದು ೧೮೯೦ರಲ್ಲಿ, ಅವರ ಪ್ರಯತ್ನದಿಂದ. ಕಾರ್ಮಿಕರ ಪರವಾಗಿ ಆಡುವ ಮಾತಿಗೆ ತನ್ನದೇ ಪತ್ರಿಕೆ ಬೇಕು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತೆಂಬುದು ಗಮನಾರ್ಹ.

೧೯೦೮ರ ಜುಲೈಯಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾದಾಗ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ರಾಷ್ಟ್ರೀಯ ಚಳವಳಿಯ ಗ್ರಂಥಗಳು ಈ ಪ್ರಸಂಗವನ್ನು ಹೆಮ್ಮೆಯಿಂದ ಸ್ಮರಿಸುತ್ತವೆ. ಅದೇ ಕಾರ್ಮಿಕರು ೧೯೨೮ರಲ್ಲಿ ತಮ್ಮ ಕೂಲಿಗಾಗಿ, ಕೆಲಸದ ಹೊರೆಯ ವಿರುದ್ಧ ಆರು ತಿಂಗಳು ಹೋರಾಡಿದ್ದಕ್ಕೆ ಆ ಬಗೆಯ ಸ್ಮರಣೆ ದಕ್ಕಿಲ್ಲ. ಇನ್ನೊಬ್ಬರಿಗಾಗಿ ಕೆಲಸ ಬಿಟ್ಟರೆ ತ್ಯಾಗ, ತನ್ನ ಹೊಟ್ಟೆಗಾಗಿ ಬಿಟ್ಟರೆ ಸ್ವಾರ್ಥ ಎಂಬ ಅಳತೆಗೋಲು ಇಲ್ಲಿ ಕೆಲಸ ಮಾಡಿರುವಂತೆ ತೋರುತ್ತದೆ. ದೊಡ್ಡ ಉದ್ದಿಮೆದಾರನ ಲಾಭದ ಆಸೆಗೆ ಈ ಕೋಲನ್ನು ಯಾರೂ ಹಿಡಿಯುವುದಿಲ್ಲ.

ನಮ್ಮ ಕಾಲಕ್ಕೆ ಹತ್ತಿರವಾದದ್ದು ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರ. ಸುಮಾರು ೬೦ ಗಿರಣಿಗಳ ಎರಡೂವರೆ ಲಕ್ಷ ಕಾರ್ಮಿಕರು ಅದರಲ್ಲಿ ಭಾಗಿಗಳಾದರು. ಹಿಂದಿನ ವರ್ಷದ ಬೋನಸ್ ತಕರಾರಿನಲ್ಲಿ ಅಸಮಾಧಾನಗೊಂಡ ಸ್ಟ್ಯಾಂಡರ್ಡ್ ಗಿರಣಿಯ ಕಾರ್ಮಿಕರು ಘಾಟ್‌ಕೋಪರದಲ್ಲಿದ್ದ ಡಾ. ದತ್ತಾ ಸಾಮಂತರ ಮನೆಗೆ ಹೋಗಿ ನಾಯಕತ್ವ ವಹಿಸುವಂತೆ ಕೇಳಿಕೊಂಡದ್ದು ಇದರ ಪೂರ್ವಪೀಠಿಕೆ. ಕೂಲಿಯ ಪರಿಷ್ಕರಣೆ, ಮನೆ ಬಾಡಿಗೆ ಭತ್ಯೆ, ‘ಬದಲಿ’ಯವರೆಂದು ವರ್ಷಗಟ್ಟಲೆ ಗಿರಣಿಯ ಬಾಗಿಲಲ್ಲಿ ಕಾಯುತ್ತಿದ್ದವರಿಗೆ ಕಾಯಂ ಕೆಲಸ, ಇವು ಬೇಡಿಕೆಗಳು. ಎಲ್ಲಕ್ಕಿಂತ ಮುಖ್ಯವಾದುದು ೧೯೪೬ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯಿದೆಯನ್ನು ಕುರಿತದ್ದು. ಈ ಕಾಯಿದೆಯ ಪ್ರಕಾರ ಒಂದು ಪ್ರದೇಶದ ಒಂದು ಉದ್ಯಮಕ್ಕೆ ಒಂದೇ ಪ್ರತಿನಿಧಿ ಸಂಘ. ಗಿರಣಿಗಳಲ್ಲಿ ಆ ಮಾನ್ಯತೆ ಇದ್ದುದು ಕಾಂಗ್ರೆಸ್ ಪರವಾದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾರ್ಮಿಕರು ಆ ಸಂಘವನ್ನು ತೊರೆದು ಬಂದರೂ ಮಾಲೀಕರೊಡನೆ ಮಾತಾಡುವ ಅಧಿಕಾರ ಅದರಲ್ಲಿಯೇ ಉಳಿಯಿತು.

ಈ ಮುಷ್ಕರ ‘ಕಾನೂನುಬಾಹಿರ’ವೆಂದು ಬರೆದವರು ಸುಳ್ಳು ಹೇಳಲಿಲ್ಲ, ಕಾಯಿದೆಯ ದೃಷ್ಟಿಯಲ್ಲಿ ಅದು ಹಾಗೆಯೇ ಇತ್ತು. ಆದರೆ ಯಾವ ಕಾಯಿದೆಯ ವಿರುದ್ಧ ಹೋರಾಟ ನಡೆದಿತ್ತೋ ಅದೇ ಕಾಯಿದೆಯ ಬಲದಿಂದ ಹೋರಾಟವು ಕಾನೂನುಬಾಹಿರವಾಗಿತ್ತು ಎಂಬ ಎರಡನೆಯ ವಾಕ್ಯವಿಲ್ಲದೆ ಮೊದಲ ವಾಕ್ಯ ಅರ್ಧಸತ್ಯ. ದಿನಪತ್ರಿಕೆಯ ಶೀರ್ಷಿಕೆಯಲ್ಲಿ ಎರಡನೆಯ ವಾಕ್ಯಕ್ಕೆ ಸ್ಥಳವಿರುವುದಿಲ್ಲ.

ಮುಷ್ಕರದ ವರದಿಗಳ ವ್ಯಾಕರಣವನ್ನು ಭಾಷಾ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ‘ಜನಜೀವನ ಅಸ್ತವ್ಯಸ್ತಗೊಂಡಿತು’ ಎಂಬ ಸಿದ್ಧ ವಾಕ್ಯದಲ್ಲಿ ‘ಜನ’ ಯಾರು? ಕಚೇರಿಗೆ ಹೋಗುವವನು, ಬಸ್ಸಿಗೆ ನಿಂತವನು, ಅಂಗಡಿಯವನು. ಕೆಲಸ ನಿಲ್ಲಿಸಿದವನು ಆ ಜನರ ಲೆಕ್ಕದಿಂದ ಆ ದಿನದ ಮಟ್ಟಿಗೆ ಹೊರಗೆ ಬಿದ್ದಿದ್ದಾನೆ. ನಾಳೆ ಬೇರೊಂದು ಇಲಾಖೆಯಲ್ಲಿ ಕೆಲಸ ನಿಂತಾಗ ಅವನೂ ಮರಳಿ ‘ಜನ’ದಲ್ಲಿ ಸೇರಿಕೊಂಡು ಗೊಣಗುತ್ತಾನೆ! ‘ಮಾನವ ದಿನಗಳ ನಷ್ಟ’ ಎಂಬ ಲೆಕ್ಕವೂ ಹೀಗೆಯೇ. ಉತ್ಪಾದನೆಯ ನಷ್ಟಕ್ಕೆ ಅಂಕಿಯಿದೆ. ಚಾಳಿನ ಹತ್ತಡಿ ಕೋಣೆಯಲ್ಲಿ ಒತ್ತೆಯಿಟ್ಟ ತಾಳಿಗೆ, ಅಡಕಕ್ಕೆ ಹೋದ ಹಿತ್ತಾಳೆ ಪಾತ್ರೆಗೆ ಅಂಕಿಯಿಲ್ಲ. ಮಾಲೀಕರು ‘ಹೇಳಿಕೆ’ ನೀಡುತ್ತಾರೆ, ನಾಯಕರು ‘ಬೆದರಿಕೆ’ ಹಾಕುತ್ತಾರೆ. ಕ್ರಿಯಾಪದದ ಆಯ್ಕೆಯಲ್ಲಿಯೇ ತೀರ್ಪು ಹೊರಬಿದ್ದಿರುತ್ತದೆ.

ಆದಾಗ್ಯೂ ಎಲ್ಲ ವಿರೋಧವೂ ಪತ್ರಿಕೆಗಳ ಸೃಷ್ಟಿಯೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಸಂಘಗಳ ನಡುವಣ ಪೈಪೋಟಿ, ಕೆಲಸಕ್ಕೆ ಮರಳಿದವರ ಮೇಲೆ ನಡೆದ ಹಲ್ಲೆಗಳು, ಹಿಂದೆ ಸರಿಯುವ ದಾರಿಯನ್ನೇ ಯೋಚಿಸದ ನಾಯಕತ್ವ, ಇವು ಸಹಾನುಭೂತಿಯನ್ನು ಕುಗ್ಗಿಸಿದ್ದು ನಿಜ. ಕಾರ್ಮಿಕ ಪಕ್ಷಪಾತಿಗಳಾದ ನಮ್ಮ ಲೇಖಕರು ಇದನ್ನು ಮುಚ್ಚಿಡುವುದುಂಟು; ಅದರಿಂದ ಕಾರ್ಮಿಕನಿಗೆ ಉಪಕಾರವೇನೂ ಆಗದು.

ಮುಂಬಯಿ ಕನ್ನಡಿಗರು ಈ ಚರಿತ್ರೆಯಲ್ಲಿ ಎಲ್ಲಿ ನಿಂತಿದ್ದರು? ಉತ್ತರ ಸರಳವಲ್ಲ. ಬಂದರು ಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೊ ಮಂಗಳೂರು ಸೀಮೆಯವರು. ಬಂದರಿನ ಪಕ್ಕದ ರಸ್ತೆಗೆ ಇಂದು ಅವರ ಹೆಸರಿದೆ. ಅವರಲ್ಲಿ ಪಾಠ ಕಲಿತ ಜಾರ್ಜ್ ಫರ್ನಾಂಡಿಸ್ ಟ್ಯಾಕ್ಸಿ ಚಾಲಕರನ್ನೂ ಹೋಟೆಲು, ನಗರಪಾಲಿಕೆಗಳ ನೌಕರರನ್ನೂ ಒಗ್ಗೂಡಿಸಿ, ೧೯೬೭ರಲ್ಲಿ ಎಸ್. ಕೆ. ಪಾಟೀಲರನ್ನು ಲೋಕಸಭಾ ಚುನಾವಣೆಯಲ್ಲಿ ಸೋಲಿಸಿದರು. ೧೯೭೪ರ ಮೇ ತಿಂಗಳಲ್ಲಿ ಇಪ್ಪತ್ತು ದಿನ ನಡೆದ ರೈಲ್ವೆ ಮುಷ್ಕರದ ಮುಂದಾಳುವೂ ಅವರೇ. ಆಗ ಸಾವಿರಾರು ಮಂದಿ ಬಂಧನಕ್ಕೊಳಗಾದರು. ರೈಲ್ವೆ ವಸತಿಗಳಿಂದ ಸಂಸಾರಗಳನ್ನು ಹೊರಹಾಕಲಾಯಿತು. ‘ನಮ್ಮೂರಿನವನು’ ಎಂಬ ಹೆಮ್ಮೆಯೂ ‘ಊರು ಬಂದ್ ಮಾಡಿಸುವವನು’ ಎಂಬ ಸಿಡುಕೂ ಒಂದೇ ಮನೆಯಲ್ಲಿ ಒಟ್ಟಿಗೇ ಇರುತ್ತಿದ್ದವು.

ಉಡುಪಿ ಹೋಟೆಲುಗಳ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಧಣಿಯೂ ಮಾಣಿಯೂ ಒಂದೇ ಊರಿನವರು, ಎಷ್ಟೋ ವೇಳೆ ಒಂದೇ ಜಾತಿಯವರು, ನಂಟರು. ಊರಿನಿಂದ ಕರೆತಂದು ಅನ್ನ, ಮಲಗಲು ಜಾಗ ಕೊಟ್ಟು, ರಾತ್ರಿಶಾಲೆಗೆ ಕಳಿಸಿದವನ ಎದುರು ಕೆಲಸದ ಗಂಟೆಗಳ ಮಾತೆತ್ತುವುದೆಂದರೆ ಉಂಡ ಮನೆಯ ಜಂತಿ ಎಣಿಸಿದಂತೆ. ಅಲ್ಲಿ ಸಂಘವನ್ನು ತಡೆದದ್ದು ಪತ್ರಿಕೆಯಲ್ಲ, ಋಣದ ಭಾವ. ಆ ಋಣ ಸುಳ್ಳಾಗಿರಲಿಲ್ಲ ಎಂಬುದೇ ತೊಡಕು. ಇದೇ ಹೋಟೆಲುಗಳು ೧೯೬೦ರ ದಶಕದಲ್ಲಿ ಇನ್ನೊಂದು ಬಗೆಯ ಪತ್ರಿಕಾ ದ್ವೇಷಕ್ಕೂ ಗುರಿಯಾದವು. ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿರುವ ದಕ್ಷಿಣ ಭಾರತೀಯರ ಹೆಸರುಗಳನ್ನು ಪಟ್ಟಿಮಾಡಿ ಅಚ್ಚುಹಾಕಿತು. ೧೯೬೬ರಲ್ಲಿ ಶಿವಸೇನೆ ಸ್ಥಾಪನೆಯಾಯಿತು. ಮರುವರ್ಷ ಪರೇಲಿನ ದಳವಿ ಕಟ್ಟಡದಲ್ಲಿದ್ದ ಗಿರಣಿ ಕಾಮಗಾರ್ ಯೂನಿಯನ್ ಕಚೇರಿಯ ಮೇಲೆ ದಾಳಿಯಾಯಿತು. ಉಡುಪಿ ಹೋಟೆಲಿನ ಮಾಣಿಯೂ ಪರೇಲಿನ ಕೆಂಬಾವುಟದ ಮರಾಠಿ ಕಾರ್ಮಿಕನೂ ಒಂದೇ ಕೈಯಿಂದ ಏಟು ತಿಂದರು. ಆದರೆ ಆ ಸಂಬಂಧವನ್ನು ಗುರುತಿಸಿದ ಕನ್ನಡ ಬರಹಗಳು ವಿರಳ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿ ಕಾರ್ಮಿಕರ ಮತ್ತು ಆಡಳಿತ ವರ್ಗದ ಸಂಘರ್ಷವನ್ನು ಎತ್ತಿಕೊಂಡು ೧೯೮೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಅದರ ಮಗ್ಗುಲಲ್ಲಿ ಇಡಬಹುದಾದ ಮುಂಬಯಿ ಕನ್ನಡ ಕೃತಿಗಳಿಗಾಗಿ ನಮ್ಮ ಸಂಶೋಧಕರು ಹುಡುಕಬೇಕಾಗಿದೆ.

೧೯೮೨ರ ಮುಷ್ಕರವನ್ನು ವಿಧ್ಯುಕ್ತವಾಗಿ ಯಾರೂ ಹಿಂತೆಗೆದುಕೊಳ್ಳಲಿಲ್ಲ, ಅದು ಸವೆದುಹೋಯಿತು. ಭಿವಂಡಿಯ ವಿದ್ಯುತ್ ಮಗ್ಗಗಳಿಗೆ ಗಿರಣಿಗಳ ಕೆಲಸ ಹರಿಯಿತು. ಲಕ್ಷದಷ್ಟು ಕಾರ್ಮಿಕರು ಕೆಲಸ ಕಳೆದುಕೊಂಡರು, ಹಲವರು ಕೊಂಕಣದ ಹಳ್ಳಿಗಳಿಗೆ ಮರಳಿದರು. ೧೯೮೪ರಲ್ಲಿ ಇದೇ ಕಾರ್ಮಿಕರು ಸಾಮಂತರನ್ನು ಲೋಕಸಭೆಗೆ ಆರಿಸಿ ಕಳಿಸಿದರು. ‘ಮೋಸಹೋದ ಅಮಾಯಕರು’ ಎಂದು ಅವರನ್ನು ಬಣ್ಣಿಸಿದವರಿಗೆ ಈ ಮತದಾನದ ಅರ್ಥವನ್ನು ವಿವರಿಸುವುದು ಕಷ್ಟ. ೧೯೯೭ರ ಜನವರಿ ೧೬ರಂದು ಪೊವಾಯಿಯಲ್ಲಿ ಸಾಮಂತರ ಹತ್ಯೆಯಾಯಿತು. ೧೯೯೧ರ ಅಭಿವೃದ್ಧಿ ನಿಯಮಗಳು ಗಿರಣಿ ಭೂಮಿಯ ಪಾಲನ್ನು ನಗರಪಾಲಿಕೆಗೂ ವಸತಿ ಮಂಡಳಿಗೂ ಮೀಸಲಿಟ್ಟಿದ್ದವು. ೨೦೦೧ರ ತಿದ್ದುಪಡಿ ಆ ಪಾಲನ್ನು ತೆರೆದ ಜಾಗಕ್ಕಷ್ಟೇ ಸೀಮಿತಗೊಳಿಸಿ ಕಿರಿದಾಗಿಸಿತು, ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಫೀನಿಕ್ಸ್ ಗಿರಣಿ ಮಾಲ್ ಆಯಿತು. ಕಮಲಾ ಗಿರಣಿಯ ಆವರಣದಲ್ಲಿ ಪಾನಗೃಹಗಳೂ ಸುದ್ದಿವಾಹಿನಿಗಳ ಕಚೇರಿಗಳೂ ಬಂದವು. ೨೦೧೯ರ ಜನವರಿಯಲ್ಲಿ ಬೆಸ್ಟ್ ಬಸ್ ನೌಕರರು ಒಂಬತ್ತು ದಿನ ಕೆಲಸ ನಿಲ್ಲಿಸಿದಾಗ ನಗರವು ಮತ್ತೆ ಅಸ್ತವ್ಯಸ್ತವಾದ ‘ಜನಜೀವನ’ದ ಮಾತನ್ನು ಕೇಳಿತು.